ಎಕ್ಸ್‌ಪಿ ಸಿಸ್ಟಮ್‌ನಲ್ಲಿ ಅರ್ಕಾವತ್ತು

ನಮ್ಮ ಮನೆಯ ಮದುವೆಯೊಂದರ ಕಾರ್ಡಿನಲ್ಲಿ 'ಮುಹೂರ್ತ'ದ ಅರ್ಕಾವತ್ತು ಬಿಟ್ಟುಹೋಗಿತ್ತು. 'ಮುಹೂತ' ಎಂದೇ ಅಷ್ಟೂ ಕಾರ್ಡು ಅಚ್ಚಾಗಿ, ಅರ್ಧದಷ್ಟು ಹಂಚಿಯೂ ಆಗಿತ್ತು. ನಾವು ವಾಟ್ಸಾಪಿನಲ್ಲಿ ಕಳಿಸಿದ ಒಕ್ಕಣೆಯಲ್ಲಿ ತಪ್ಪಿರಲಿಲ್ಲ. ಅಂಗಡಿಯವರು ಅದನ್ನು ಮೊಬೈಲಿನಲ್ಲಿ ಓದಿಕೊಳ್ಳುತ್ತಾ ಪಕ್ಕದ ಸಿಸ್ಟಮ್‌ನಲ್ಲಿ ಮೊದಲಿಂದ ಟೈಪು ಮಾಡಿದ್ದರು. ಕೇಳಲು ಹೋದ ನಾನು ಆ ಸಿಸ್ಟಮ್ ನೋಡಿ ಸುಮ್ಮನಾದೆ. ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ, ಕೆಳಗೆ ವಿಂಡೋಸ್ ಎಕ್ಸ್‌ಪಿಯ ಹಸಿರು ಗುಂಡಿ.

"ನುಡಿ ಇದ್ರಾಗೆ ಐತಿ, ಪೇಜ್‌ಮೇಕರ್ ಇದ್ರಾಗೆ ಐತಿ, ಹದಿನೈದು ವರ್ಷದ ಕಾರ್ಡೆಲ್ಲಾ ಇದ್ರಾಗೇ ಅದಾವು ಸರ್. ನೆಟ್ ಒಂದು ಬರಂಗಿಲ್ಲ ನೋಡ್ರಿ," ಅಂದರು.

ಆ ನೆಟ್ ಬರಿಸುವ ಕೆಲಸವನ್ನೇ ಪಣ ತೊಟ್ಟು ಮಾಡುತ್ತಿರುವವರು ಜಗತ್ತಿನಲ್ಲಿ ಕೆಲವರಿದ್ದಾರೆ. ಕಂಪನಿಗಳು ಕೈಬಿಟ್ಟ ಹಳೆಯ ಯಂತ್ರಗಳ ಮೇಲೆ ಇಂದಿನ ಬ್ರೌಸರ್ ಓಡಿಸುವುದು ಅವರ ಕಾಯಕ. ಅವರ ಕೆಲಸವನ್ನು ನಮ್ಮ ಊರುಗಳ ಕಣ್ಣಿನಿಂದ ತೂಗಿ ನೋಡಬೇಕೆಂದು ನನಗೆ ಅನ್ನಿಸಿದ್ದು ಆ ಅಂಗಡಿಯ ಸ್ಟೂಲಿನ ಮೇಲೆ ಕೂತಾಗ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಯಾವ ಊರಿನ ಬಸ್‌ಸ್ಟ್ಯಾಂಡ್ ಸುತ್ತ ನಡೆದರೂ ಕಾರ್ಡು, ಲೆಟರ್‌ಹೆಡ್ ಟೈಪು ಮಾಡಿ ಅಚ್ಚಿಗೆ ಸಿದ್ಧಪಡಿಸುವ ಡಿಟಿಪಿ ಅಂಗಡಿ ಸಿಗುತ್ತದೆ. ಈ ಊರುಗಳ ಆಡಳಿತದ ಚರಿತ್ರೆ ಆ ಅಂಗಡಿಗಳ ಹಾರ್ಡ್‌ಡಿಸ್ಕುಗಳಲ್ಲೇ ಕೂತಿದೆ ಎಂದರೂ ನಡೆದೀತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಜಗಳೂರಿನ ಲೆಟರ್‌ಹೆಡ್‌ಗಳಿಂದ 'ಚಿತ್ರದುರ್ಗ ಜಿಲ್ಲೆ' ಹೋಯಿತು, ಚನ್ನಗಿರಿ, ಹೊನ್ನಾಳಿಯ ಲೆಟರ್‌ಹೆಡ್‌ಗಳಿಂದ 'ಶಿವಮೊಗ್ಗ ಜಿಲ್ಲೆ' ಹೋಯಿತು. ಇಪ್ಪತ್ತು ವರ್ಷದ ಮೇಲೆ ನ್ಯಾಮತಿ ಬೇರೆ ತಾಲ್ಲೂಕಾದಾಗ 'ಹೊನ್ನಾಳಿ ತಾ||' ಎಂದಿದ್ದುದನ್ನು ಅಳಿಸಿ 'ನ್ಯಾಮತಿ ತಾ||' ಎಂದು ತಿದ್ದಿದರು. ತಿದ್ದಿದ್ದು ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನ ಹಳೆಯ ಫೈಲುಗಳನ್ನೇ. ಹೊಸ ಯಂತ್ರ ಕೊಂಡರೆ ಆ ಫೈಲುಗಳು ಸರಿಯಾಗಿ ತೆರೆಯುವ ಭರವಸೆ ಇಲ್ಲ. ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶ ಬಳಸುವವರಿಗೆ ಯಂತ್ರಕ್ಕೆ ಸಿಕ್ಕಿಸುವ ಹಾರ್ಡ್‌ವೇರ್ ಲಾಕಿನ ಚಿಂತೆ ಬೇರೆ. ಹೀಗಾಗಿ ಎಕ್ಸ್‌ಪಿ ಇಲ್ಲಿ ಗತಕಾಲದ ಪ್ರೀತಿಗಾಗಿ ಉಳಿದದ್ದಲ್ಲ, ದಿನದ ಅನ್ನಕ್ಕಾಗಿ ಉಳಿದದ್ದು. ಹಳೆಯ ಯಂತ್ರಕ್ಕೆ ಬ್ರೌಸರ್ ತರುವುದನ್ನು ಹವ್ಯಾಸಿಗಳ ಆಟ ಎಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ಎಕ್ಸ್‌ಪಿ ಬಂದದ್ದು 2001ರಲ್ಲಿ. ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ 7 ಬಂದದ್ದೂ ಅದೇ ವರ್ಷ. ಇಂದಿನ ಮೊಬೈಲು, ವಾಟ್ಸಾಪುಗಳು ಬಳಸುವ ಯೂನಿಕೋಡ್ ಸಂಕೇತ ಪೇಜ್‌ಮೇಕರ್‌ಗೆ ಕೊನೆಯವರೆಗೂ ತಿಳಿಯಲಿಲ್ಲ. ಅದಕ್ಕೆ ಕನ್ನಡ ಗೊತ್ತಾಗದಂತೆಯೇ ಅದರಲ್ಲಿ ಕನ್ನಡ ಬರೆಯುವ ದಾರಿ ಕಂಡುಕೊಂಡದ್ದು ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಅವರ 'ಬರಹ' ಮುಂತಾದ ತಂತ್ರಾಂಶಗಳು. ಲ್ಯಾಟಿನ್ ಲಿಪಿಯ ಅಕ್ಷರಗಳಿಗೆಂದು ಮೀಸಲಾದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ನುಡಿಯ ಫಾಂಟಿನಲ್ಲಿ ನಕಾರದ ಮೈ ಕೂತಿರುವುದು ಪೌಂಡ್ ನಾಣ್ಯದ ಚಿಹ್ನೆಯ ಮನೆಯಲ್ಲಿ, ನಕಾರದ ಒತ್ತು ಜರ್ಮನ್ನರ ಎಸ್‌ಜೆಟ್ ಮನೆಯಲ್ಲಿ, ಅರ್ಕಾವತ್ತು ಐಸ್‌ಲ್ಯಾಂಡಿನವರ 'ಎದ್' ಅಕ್ಷರದ ಮನೆಯಲ್ಲಿ. ಫಾಂಟು ತಪ್ಪಿದ ಕಡತ ತೆರೆದರೆ 'ಚನ್ನಗಿರಿ'ಯ ನಡುವೆ ಪೌಂಡ್ ಚಿಹ್ನೆ ಕಾಣುವುದು ಇದರಿಂದಲೇ. ಅಕ್ಷರ ಜೋಡಿಸುವ ಬುದ್ಧಿಯೆಲ್ಲ ಟೈಪು ಮಾಡುವ ಕಡೆ ಇತ್ತು, ತೋರಿಸುವ ಕಡೆ ಬುದ್ಧಿ ಬೇಕಿರಲಿಲ್ಲ.

ಯೂನಿಕೋಡ್ ಇದನ್ನು ತಿರುಗಿಸಿಟ್ಟಿತು. ಅಲ್ಲಿ 'ದುರ್ಗ' ಎಂದರೆ ದು, ರ, ವಿರಾಮ, ಗ. ಉಚ್ಚರಿಸುವ ಕ್ರಮದಲ್ಲೇ ಅಕ್ಷರಗಳು ಕೂತಿರುತ್ತವೆ. ಗಕಾರವನ್ನು ಮುಂದೆ ತಂದು, ರಕಾರವನ್ನು ಅರ್ಕಾವತ್ತಾಗಿಸಿ ಅದರ ಬಲಕ್ಕೆ ಇಡುವುದು ತೋರಿಸುವ ತಂತ್ರಾಂಶದ ಹೊಣೆ. ಎಕ್ಸ್‌ಪಿಗೆ ಈ ವಿದ್ಯೆ ಗೊತ್ತಿತ್ತು, 'ತುಂಗಾ' ಎಂಬ ಕನ್ನಡ ಫಾಂಟೂ ಅದರ ಬಳಿ ಇತ್ತು. ಆದರೆ ಅದನ್ನು ಎಬ್ಬಿಸಲು ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಿ, ಎಕ್ಸ್‌ಪಿಯ ಸೀಡಿ ತೂರಿಸಬೇಕಿತ್ತು. ಆ ಚೌಕದ ಪಕ್ಕದ ಸಾಲಿನಲ್ಲಿ ಥಾಯ್ ಭಾಷೆಯ ಹೆಸರಿದೆ, ಬಲದಿಂದ ಎಡಕ್ಕೆ ಬರೆಯುವ ಭಾಷೆಗಳ ಮಾತಿದೆ, ಕನ್ನಡದ ಹೆಸರಿಲ್ಲ. ಹೊನ್ನಾಳಿಯ ಅಂಗಡಿಯಲ್ಲಿ ಕೂತವರಿಗೆ ಅದು ತಮ್ಮ ಭಾಷೆಯ ಬಾಗಿಲು ಎಂದು ತಿಳಿಯುವುದಾದರೂ ಹೇಗೆ?

ಇತ್ತ ಬ್ರೌಸರ್‌ಗಳು ಒಂದೊಂದಾಗಿ ಎಕ್ಸ್‌ಪಿಯನ್ನು ಬಿಟ್ಟು ನಡೆದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೇ ನಿಂತಿತು. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ದುರಸ್ತಿ ನಿಲ್ಲಿಸಿತು. ಕ್ರೋಮ್ 2016ರಲ್ಲಿ 49ನೆಯ ಆವೃತ್ತಿಗೆ ಕೈಬಿಟ್ಟಿತು. ಫೈರ್‌ಫಾಕ್ಸ್ 52ರ ದೀರ್ಘಾವಧಿ ಆವೃತ್ತಿ 2018ರವರೆಗೆ ಎಳೆಯಿತು. ವೆಬ್‌ಸೈಟುಗಳು 2020ರ ಹೊತ್ತಿಗೆ, ತಾಣ ಮತ್ತು ಬ್ರೌಸರ್ ನಡುವಿನ ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್‌ನ ಹಳೆಯ ಎರಡು ಆವೃತ್ತಿಗಳನ್ನು ಸಾಲುಸಾಲಾಗಿ ತೊರೆದವು. ಎಕ್ಸ್‌ಪಿಗೆ ಸ್ವಂತವಾಗಿ ಬರುತ್ತಿದ್ದದ್ದು ಹಳೆಯದೇ. ಹಾಗಾಗಿ ಪುಟ ಕೆಟ್ಟದಾಗಿ ಕಾಣುವುದು ಹೋಗಿ, ಬಾಗಿಲೇ ತೆರೆಯದಂತಾಯಿತು.

ಈ ಹಂತದಲ್ಲಿ ಕೈಹಾಕಿದವು 'ಮೈಪಾಲ್' ಮತ್ತು 'ಸೂಪರ್ಮಿಯಂ' ಎಂಬ ಬ್ರೌಸರ್‌ಗಳು. ಮೈಪಾಲ್ 68ರ ಬುನಾದಿ 2019ರ ಫೈರ್‌ಫಾಕ್ಸ್ 68. ಸೂಪರ್ಮಿಯಂ ನಿಂತಿರುವುದು ಕ್ರೋಮ್‌ನ ಮೂಲವಾದ ಕ್ರೋಮಿಯಂನ ಈಚಿನ ಆವೃತ್ತಿಗಳ ಮೇಲೆ. ಹೊಸ ಬ್ರೌಸರನ್ನು ಎಕ್ಸ್‌ಪಿಯಲ್ಲಿ ಹಾಗೇ ತೆರೆದರೆ 'ಕರ್ನೆಲ್32ರಲ್ಲಿ ಇಂಥ ಪ್ರವೇಶದ್ವಾರ ಸಿಗಲಿಲ್ಲ' ಎಂಬ ಬೂದು ಪೆಟ್ಟಿಗೆ ಬರುತ್ತದೆ. ಎಕ್ಸ್‌ಪಿಯ ಮುಂದಿನ ವಿಂಡೋಸ್ ಆದ ವಿಸ್ಟಾದಲ್ಲಿ ಮತ್ತು ಅದರ ನಂತರ ಬಂದ ಸೌಲಭ್ಯಗಳನ್ನು ಬ್ರೌಸರ್ ಹೆಸರು ಹಿಡಿದು ಕೂಗುತ್ತದೆ, ಎಕ್ಸ್‌ಪಿಯ ಮನೆಯಲ್ಲಿ ಆ ಹೆಸರಿನವರೇ ಇಲ್ಲ. ಸೂಪರ್ಮಿಯಂ ಇದಕ್ಕೆ 'ಪ್ರೊಗ್‌ವ್ರಾಪ್' ಎಂಬ ಕಡತವೊಂದನ್ನು ನಡುವೆ ನಿಲ್ಲಿಸಿದೆ. ಕೂಗಿದ ಹೆಸರಿಗೆಲ್ಲ ಓಗೊಟ್ಟು, ಆ ಕೆಲಸವನ್ನು ಎಕ್ಸ್‌ಪಿಗೆ ಗೊತ್ತಿರುವ ರೀತಿಯಲ್ಲಿ ಮಾಡಿಸಿಕೊಡುತ್ತದೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಬ್ಬರ ನಡುವೆ ಕೂತ ದುಭಾಷಿಯಂತೆ.

ಮನೆಯ ಅಟ್ಟದ ಮೇಲಿದ್ದ ಪೆಂಟಿಯಮ್ ಡ್ಯುಯಲ್ ಕೋರ್ ಯಂತ್ರವನ್ನು ಇಳಿಸಿ ಎರಡೂ ಬ್ರೌಸರ್‌ಗಳನ್ನು ಹಾಕಿ ನೋಡಿದೆ. 1 ಜಿಬಿ ರ‍್ಯಾಮ್, ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3. ಮೊದಲ ದಿನ ಯಾವ ಪುಟ ತೆರೆದರೂ 'ಈ ತಾಣ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ. ಬ್ರೌಸರ್ ಮಾಡಿದವರನ್ನೇ ಅನುಮಾನಿಸಿ ಒಂದು ಸಂಜೆ ಕಳೆದೆ. ಬಲಮೂಲೆಯ ಗಡಿಯಾರದ ಮೇಲೆ ಕರ್ಸರ್ ಇಟ್ಟಾಗ ತಿಳಿಯಿತು, ಯಂತ್ರ ಇನ್ನೂ 2006ರಲ್ಲಿತ್ತು. ಮದರ್‌ಬೋರ್ಡಿನ ಗುಂಡು ಸೆಲ್ಲು ಸತ್ತಿತ್ತು. ತಾಣಗಳ ಪ್ರಮಾಣಪತ್ರಗಳಿಗೆ 'ಇಂಥ ದಿನದಿಂದ ಇಂಥ ದಿನದವರೆಗೆ' ಎಂಬ ಅವಧಿ ಇರುತ್ತದೆ. 2006ರಲ್ಲಿ ನಿಂತ ಯಂತ್ರಕ್ಕೆ ಅವೆಲ್ಲ ಇನ್ನೂ ಹುಟ್ಟಿಯೇ ಇರಲಿಲ್ಲ. ಗಡಿಯಾರದ ಅಂಗಡಿಯಿಂದ ಸಿಆರ್2032 ತಂದು ಹಾಕಿದ ಮೇಲೆ ಬಾಗಿಲುಗಳು ತೆರೆದವು. ನಿಮ್ಮ ಹಳೆಯ ಸಿಸ್ಟಮ್‌ಗೆ ನೆಟ್ ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ಮೊದಲು ತಾರೀಖು ನೋಡಿ.

ನಾನು ಇಟ್ಟ ಪರೀಕ್ಷೆ ಇದು. ಟಿಕ್ ಹಾಕದ ಎಕ್ಸ್‌ಪಿಯ ಫಾಂಟ್ಸ್ ಫೋಲ್ಡರಿಗೆ ಒಂದು ಯೂನಿಕೋಡ್ ಕನ್ನಡ ಫಾಂಟು ಹಾಕಿ, ನಾಲ್ಕು ತಾಲ್ಲೂಕುಗಳ ಹೆಸರಿರುವ ಕಡತವನ್ನು ನೋಟ್‌ಪ್ಯಾಡಿನಲ್ಲೂ ಬ್ರೌಸರಿನಲ್ಲೂ ಅಕ್ಕಪಕ್ಕ ತೆರೆದೆ. ನೋಟ್‌ಪ್ಯಾಡಿನಲ್ಲಿ 'ಜಗಳೂರು' ಹೆಚ್ಚುಕಡಿಮೆ ಓದಲು ಬರುತ್ತಿತ್ತು. ಅದರಲ್ಲಿ ಒತ್ತೇ ಇಲ್ಲ. ಕೊಂಬುಗಳು ಬಲಕ್ಕೇ ಅಂಟುವಂಥವು. 'ಚನ್ನಗಿರಿ', 'ಹೊನ್ನಾಳಿ'ಗಳಲ್ಲಿ ಎರಡು ನಕಾರಗಳು ನಡುವೆ ವಿರಾಮದ ಚಿಹ್ನೆ ಇಟ್ಟುಕೊಂಡು ಬೇರೆ ಬೇರೆ ನಿಂತಿದ್ದವು. 'ನ್ಯಾಮತಿ' ಗುರುತೇ ಸಿಗದಷ್ಟು ಚದುರಿತ್ತು. ಜಗಳೂರು ತಾಲ್ಲೂಕಿನ, ಕೊಂಡುಕುರಿಗಳ ವನ್ಯಧಾಮವಿರುವ 'ರಂಗಯ್ಯನದುರ್ಗ'ವನ್ನೂ ನ್ಯಾಮತಿ ಕಡೆಯ 'ತೀರ್ಥರಾಮೇಶ್ವರ'ವನ್ನೂ ಸೇರಿಸಿದೆ. ಅರ್ಕಾವತ್ತುಗಳ ಜಾಗದಲ್ಲಿ ಬರಿಯ ರಕಾರ, ವಿರಾಮ.

ಅದೇ ಯಂತ್ರ, ಅದೇ ಫಾಂಟು. ಪಕ್ಕದ ಬ್ರೌಸರ್ ಕಿಟಕಿಯಲ್ಲಿ ಆರೂ ಹೆಸರುಗಳು ಪಾಠಪುಸ್ತಕದಲ್ಲಿದ್ದಂತೆ ಕೂತಿದ್ದವು. ಎರಡು ಬ್ರೌಸರ್‌ಗಳಲ್ಲೂ. 'ರ‍್ಯಾಂಕ್' ಪದವನ್ನು ಕೂಡ ಟೈಪು ಮಾಡಿ ನೋಡಿದೆ, ಅಲ್ಲಿ ಅರ್ಕಾವತ್ತು ಬರಬಾರದು, ರಕಾರಕ್ಕೆ ಯ-ಒತ್ತು ಬರಬೇಕು. ಬಂದಿತ್ತು.

ಇದರ ಗುಟ್ಟು 'ಹಾರ್ಫ್‌ಬಜ್'. ಪರ್ಷಿಯನ್ನಿನ 'ಹರ್ಫ್', 'ಬಾಜ್' ಪದಗಳಿಂದ ಬಂದ ಹೆಸರು, ತೆರೆದ ಅಕ್ಷರ ಎಂದರ್ಥ. ಅಕ್ಷರ ಜೋಡಿಸುವ ಈ ಮುಕ್ತ ತಂತ್ರಾಂಶವನ್ನು ಫೈರ್‌ಫಾಕ್ಸ್, ಕ್ರೋಮಿಯಂ ಎರಡೂ ತಮ್ಮ ಹೊಟ್ಟೆಯಲ್ಲೇ ಹೊತ್ತು ಬರುತ್ತವೆ. ಆಪರೇಟಿಂಗ್ ಸಿಸ್ಟಮ್‌ಗೆ ಕನ್ನಡ ಬರುತ್ತದೆಯೋ ಇಲ್ಲವೋ ಅವು ಕೇಳುವುದೇ ಇಲ್ಲ. ಇಂಗ್ಲಿಷಿನಲ್ಲಿ ಈ ಬ್ರೌಸರ್‌ಗಳನ್ನು ಅಳೆಯುವವರು ಯೂಟ್ಯೂಬ್ ಓಡಿತೇ, ಎಷ್ಟು ವೇಗ ಎಂದು ನೋಡುತ್ತಾರೆ. ನಮ್ಮ ಪಾಲಿಗೆ ಆದ ಲಾಭ ಅವರ ಲೆಕ್ಕದಲ್ಲೇ ಇಲ್ಲ. ಕನ್ನಡದ ಒಂದಕ್ಷರ ತಿಳಿಯದ ಕೆಲವರು, ಬೇರೆ ಯಾವುದೋ ಉದ್ದೇಶಕ್ಕೆ ದುಡಿದು, ಎಕ್ಸ್‌ಪಿ ಯಂತ್ರಗಳಿಗೆ ಸರಿಯಾದ ಕನ್ನಡ ಓದಿಸಿದ್ದಾರೆ. ಅವರಿಗೆ ನಾವು ಋಣಿಗಳು.

ಹಾಗೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾರೆ. ಸೂಪರ್ಮಿಯಂ ಬಹುತೇಕ ಎಲ್ಲ ತಾಣಗಳನ್ನೂ ತೆರೆಯುತ್ತದೆ. ಆದರೆ 1 ಜಿಬಿ ಯಂತ್ರದಲ್ಲಿ ಒಂದು ಸುದ್ದಿ ತಾಣ ತೆರೆದರೆ ಹಾರ್ಡ್‌ಡಿಸ್ಕಿನ ಕೆಂಪು ದೀಪ ಆರುವುದೇ ಇಲ್ಲ. ಹಿಂದೆ ತೆರೆದಿಟ್ಟ ಪೇಜ್‌ಮೇಕರ್ ಮೌಸಿಗೆ ಓಗೊಡಲು ಅರ್ಧ ನಿಮಿಷ. ಗಿರಾಕಿ ಎದುರಿಗೆ ನಿಂತಿರುವಾಗ ಇದು ನಡೆಯುವ ಮಾತಲ್ಲ. ಮೈಪಾಲ್ ಹಗುರ, ಪೇಜ್‌ಮೇಕರ್ ಜೊತೆ ಜಗಳವಾಡುವುದಿಲ್ಲ. ಆದರೆ ಅದರ ಬುನಾದಿ 2019ರದ್ದು, ಅಲ್ಲಿಂದೀಚಿನ ಜಾವಾಸ್ಕ್ರಿಪ್ಟ್ ಬಳಸುವ ಕೆಲವು ಪುಟಗಳು ಬಿಳಿ ಹಾಳೆಯಾಗಿ ನಿಂತುಬಿಡುತ್ತವೆ. ಡಿಟಿಪಿ ಅಂಗಡಿಗೆ ನಾನು ಹೇಳುವುದು ಮೈಪಾಲನ್ನೇ.

ನನಗಿರುವ ದೊಡ್ಡ ತಕರಾರು ಬೇರೆ. ಹೀಗೆ ಒಬ್ಬಿಬ್ಬರ ಹೆಗಲ ಮೇಲೆ ನಿಂತ ಬ್ರೌಸರ್ ಎಷ್ಟು ದಿನ? ಹಳೆಯ ಪವರ್‌ಪಿಸಿ ಮ್ಯಾಕ್‌ಗಳಿಗಾಗಿ ಕ್ಯಾಮರಾನ್ ಕೈಸರ್ ನಡೆಸಿದ 'ಟೆನ್‌ಫೋರ್‌ಫಾಕ್ಸ್' ಬ್ರೌಸರ್ ಈ ಕ್ಷೇತ್ರದ ಮಾದರಿ ಎಂದು ನಾನು ಭಾವಿಸುತ್ತೇನೆ. ಫೈರ್‌ಫಾಕ್ಸ್ ಆ ಯಂತ್ರಗಳನ್ನು ಬಿಟ್ಟಾಗ, 2010ರಲ್ಲಿ ಶುರುವಾಗಿ 2021ರವರೆಗೆ ನಡೆಯಿತು. ಭದ್ರತೆಯ ತೇಪೆಗಳನ್ನು ಹಳೆಯ ಬುನಾದಿಗೆ ಹೊಲಿಯುತ್ತಾ ಬಂದು, ಇನ್ನು ಆಗುವುದಿಲ್ಲ ಎನ್ನಿಸಿದಾಗ ಮುಂಚಿತವಾಗಿ ಹೇಳಿ ನಿಲ್ಲಿಸಿದರು. ಹೇಳಿ ನಿಲ್ಲಿಸುವುದೂ ಒಂದು ಸೇವೆಯೇ. ವಿಂಡೋಸ್ 7 ಇಟ್ಟುಕೊಂಡವರಿಗೆ ಮೊಜಿಲ್ಲಾ ಕೂಡ ಹೀಗೇ ನಡೆದುಕೊಂಡಿತು, ಫೈರ್‌ಫಾಕ್ಸ್ 115ರ ಗಡುವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹಾಕಿ ಮೊದಲೇ ತಿಳಿಸಿತು. ಇದರ ಮೇಲೆ, ಎಕ್ಸ್‌ಪಿಯಲ್ಲಿ ಬ್ರೌಸರ್ ಎಷ್ಟೇ ಹೊಸದಾದರೂ ಕೆಳಗಿನ ನೆಲ 2014ರಿಂದ ಬಿರುಕು ಬಿಟ್ಟದ್ದು. 2017ರಲ್ಲಿ 'ವಾನ್ನಾಕ್ರೈ' ಎಂಬ ಸುಲಿಗೆ ತಂತ್ರಾಂಶದ ಹಾವಳಿ ಎದ್ದಾಗ ಮೈಕ್ರೋಸಾಫ್ಟ್ ಸತ್ತ ಎಕ್ಸ್‌ಪಿಗೂ ಒಂದು ತೇಪೆ ಕೊಡಬೇಕಾಯಿತು. ಪ್ರತಿ ಬಾರಿಯೂ ಹಾಗೆ ಕೊಡುತ್ತಾರೆಂದು ಕಾಯಲಾಗದು. ಆದ್ದರಿಂದ ಈ ಯಂತ್ರದಲ್ಲಿ ಬ್ಯಾಂಕು, ಆಧಾರ್, ಒಟಿಪಿ ಬೇಡ. ಪಕ್ಕದೂರಿಂದ ಬಂದ ಅಜ್ಜಿಯ ಪಿಂಚಣಿ ಅರ್ಜಿಯನ್ನು ಇದರಲ್ಲಿ ತುಂಬಲೇಬಾರದು.

ಎಕ್ಸ್‌ಪಿ ತೆಗೆದು ಲಿನಕ್ಸ್ ಹಾಕಿಬಿಡಿ ಎನ್ನುವವರಿದ್ದಾರೆ. ಓದಲಷ್ಟೇ ಬೇಕಾದ ಯಂತ್ರಕ್ಕೆ ಅದು ಒಳ್ಳೆಯ ಸಲಹೆ, ನಾನೂ ಕೊಟ್ಟಿದ್ದೇನೆ. ಆದರೆ ಡಿಟಿಪಿಯವರಿಗೆ ಬೇಕಾದದ್ದು ಪೇಜ್‌ಮೇಕರ್ ಇರುವ ಕಡೆಯೇ ಯೂನಿಕೋಡ್ ಕನ್ನಡ ಕಾಣುವುದು. ಯೂನಿಕೋಡನ್ನು ಹಳೆಯ ಸಂಕೇತಕ್ಕೆ ತಿರುಗಿಸುವ ಪರಿವರ್ತಕ ಬರಹದಲ್ಲೋ ನುಡಿಯಲ್ಲೋ ಇದೆಯಲ್ಲ ಎಂದರೆ, ಇದೆ. ಪರಿವರ್ತಿಸುವ ಮೊದಲಿನ ಒಕ್ಕಣೆ ಯಂತ್ರದ ಪರದೆಯ ಮೇಲೆ ಚದುರಿ ಬಿದ್ದಿದ್ದರೆ ಕಣ್ಣಿಟ್ಟು ಹೋಲಿಸುವುದು ಯಾವುದನ್ನು?

ಹೀಗೆ ಯೋಚಿಸುತ್ತಾ ನಾನು ಮುಟ್ಟಿದ ತೀರ್ಮಾನ ಬ್ರೌಸರ್ ಮಾಡಿದವರು ಊಹಿಸಿರದಂಥದ್ದು. ಯೂನಿಕೋಡನ್ನು ನುಡಿಯ ಸಂಕೇತಕ್ಕೆ ತಿರುಗಿಸುವ ಜಾವಾಸ್ಕ್ರಿಪ್ಟ್ ಪುಟವೊಂದನ್ನು ಯಂತ್ರದಲ್ಲೇ ಉಳಿಸಿಕೊಂಡರೆ ಅದಕ್ಕೆ ನೆಟ್ಟೇ ಬೇಕಿಲ್ಲ. ಕೇಬಲ್ ಕಿತ್ತಿಟ್ಟ ಎಕ್ಸ್‌ಪಿಯಲ್ಲಿ ಈ ಬ್ರೌಸರ್ ಅತ್ಯಂತ ಉಪಯುಕ್ತ, ಅತ್ಯಂತ ಸುರಕ್ಷಿತ ಕೂಡ. ನೆಟ್ಟಿನಿಂದ ಕಳ್ಳರು ಬರುವ ದಾರಿ ಮುಚ್ಚಿರುತ್ತದೆ. ಅಕ್ಷರ ಜೋಡಿಸುವ ವಿದ್ಯೆ ಮಾತ್ರ ಒಳಗೆ ಉಳಿದಿರುತ್ತದೆ.

ಕಳೆದ ತಿಂಗಳು ಅದೇ ಅಂಗಡಿಗೆ ಪೆನ್‌ಡ್ರೈವ್ ಹಿಡಿದು ಹೋದೆ. ಮೈಪಾಲ್ ಹಾಕಿ, ಫಾಂಟು ಹಾಕಿ, ಉಳಿಸಿಟ್ಟ ಪುಟ ತೆರೆದೆವು. ಗಿರಾಕಿಯೊಬ್ಬರ ಗೃಹಪ್ರವೇಶದ ಒಕ್ಕಣೆಯನ್ನು ಮೊಬೈಲಿನಿಂದ ನೋಟ್‌ಪ್ಯಾಡ್ ಫೈಲಾಗಿ ಇಳಿಸಿ, ಎಡಗಡೆಯ ಚೌಕಕ್ಕೆ ಅಂಟಿಸಿದರು. ಬಲಗಡೆ ಪೌಂಡು, ಎಸ್‌ಜೆಟ್‌ಗಳ ಸಾಲು ಹೊರಟಿತು. ಅದನ್ನು ಎತ್ತಿ ಪೇಜ್‌ಮೇಕರಿಗೆ ಹಾಕಿ, ನುಡಿ ಫಾಂಟು ಆರಿಸಿದರು. ಅಂಗಡಿಯವರು ಕನ್ನಡಕ ಹಣೆಗೇರಿಸಿ, ಪರದೆಗೆ ಮುಖ ತಂದು, ಬೆರಳಿಟ್ಟು ಒಂದೊಂದೇ ಸಾಲು ಓದಿದರು. 'ಪೂರ್ವಾಹ್ನ'ದ ಮೇಲೆ ಬೆರಳು ನಿಂತಿತು.

"ಬಂದೈತಿ ಸರ್," ಅಂದರು.