ಸುಳ್ಳೊಪ್ಪಿಗೆಯ ಬೆಲೆ

ಆರ್ಥರ್ ಮಿಲ್ಲರನು ೧೯೫೩ರಲ್ಲಿ ರಂಗಕ್ಕೆ ತಂದ ‘ದಿ ಕ್ರೂಸಿಬಲ್’ ನಾಟಕದ ವಸ್ತು, ಅಮೆರಿಕದ ಸೇಲಂನಲ್ಲಿ ೧೬೯೨ರಲ್ಲಿ ನಡೆದ ಮಾಟಗಾತಿಯರ ವಿಚಾರಣೆ. ಅಲ್ಲಿ ೧೯ ಮಂದಿಯನ್ನು ಗಲ್ಲಿಗೇರಿಸಲಾಯಿತು. ವಿಚಾರಣೆಗೆ ಒಪ್ಪದ ವೃದ್ಧ ಜೈಲ್ಸ್ ಕೋರಿಯನ್ನು ಕಲ್ಲು ಹೇರಿ ಕೊಲ್ಲಲಾಯಿತು. ಮಾಡದ ತಪ್ಪನ್ನು ಒಪ್ಪಿಕೊಂಡವರು ಉಳಿದರು. ಸತ್ಯಕ್ಕೆ ಅಂಟಿಕೊಂಡವರು ಅಳಿದರು. ಈ ವಿಪರೀತ ನ್ಯಾಯವೇ ನಾಟಕದ ಜೀವಾಳ.

ಆದರೆ ಒಂದು ಆಕ್ಷೇಪವುಂಟು. ವಾಸ್ತವದಲ್ಲಿ ಹನ್ನೊಂದು ಹನ್ನೆರಡರ ಬಾಲಕಿಯಾಗಿದ್ದ ಅಬಿಗೇಲಳನ್ನು ಹದಿನೇಳರ ತರುಣಿಯಾಗಿಸಿ, ಅರುವತ್ತರ ಆಸುಪಾಸಿನ ಪ್ರಾಕ್ಟರನ ವಯಸ್ಸನ್ನು ಮೂವತ್ತರ ದಶಕಕ್ಕೆ ಇಳಿಸಿ, ಇಬ್ಬರ ನಡುವೆ ಅಕ್ರಮ ಸಂಬಂಧವನ್ನು ಮಿಲ್ಲರನು ಕಲ್ಪಿಸಿದನು. ಇದರಿಂದ ಇಡೀ ಊರಿನ ಪಾಪಭಾರವು ಒಬ್ಬಳ ಮತ್ಸರದ ಮೇಲೆ ಬೀಳುತ್ತದೆ. ಪೀಡಿತರ ಕಣ್ಣಿಗೆ ಮಾತ್ರ ಕಂಡ ಛಾಯಾರೂಪಗಳನ್ನೂ ಸಾಕ್ಷ್ಯವೆಂದು ಸ್ವೀಕರಿಸಿದ ನ್ಯಾಯಾಧೀಶರ ಹೊಣೆ ಅಷ್ಟರಮಟ್ಟಿಗೆ ಹಗುರಾಗುತ್ತದೆ.

ಕೊನೆಯ ಅಂಕ ಈ ದೋಷವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಪ್ರಾಕ್ಟರನು ಅನ್ಯರ ಹೆಸರು ಹೇಳಲೊಲ್ಲನು. ತಾನು ಸಹಿ ಮಾಡಿದ ಸುಳ್ಳೊಪ್ಪಿಗೆಯನ್ನು ಹರಿದು ಗಲ್ಲಿಗೆ ನಡೆಯುತ್ತಾನೆ. ಕಮ್ಯುನಿಸ್ಟರ ಬೇಟೆಯ ಕಾಲದಲ್ಲಿ, ೧೯೫೬ರಲ್ಲಿ, ಸಂಸತ್ತಿನ ಸಮಿತಿಯೊಂದು ಮಿಲ್ಲರನಿಂದಲೂ ಹೆಸರುಗಳನ್ನೇ ಕೇಳಿತು. ಅವನು ನಿರಾಕರಿಸಿದನು, ಮರುವರ್ಷ ನಿಂದನೆಯ ಅಪರಾಧಿಯೆನಿಸಿದನು, ೧೯೫೮ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸಿತು. ತನ್ನ ಪಾತ್ರದ ಬಾಯಲ್ಲಿ ನುಡಿಸಿದ್ದನ್ನು ತಾನೇ ನಡೆದು ತೋರಿದ ಲೇಖಕರು ವಿರಳ. ಪರರನ್ನು ಒಪ್ಪಿಸಿ ಕೊಂಡ ಬಿಡುಗಡೆ ಲಾಭವಲ್ಲ, ನಷ್ಟವೇ ಸರಿ.