ಚಿಂಚೋಳಿ ಕಾಡಿಗೆ ಕರೆಂಟ್ ಗಾಡಿ

ಎಲೆಕ್ಟ್ರಿಕ್ ಎಸ್‌ಯುವಿ ಊರೊಳಗಿನ ಓಡಾಟಕ್ಕೇನೋ ಸರಿ. ಡೇರೆ, ಹಾಸಿಗೆ, ಪಾತ್ರೆಪಗಡೆ ಹೇರಿಕೊಂಡು ಕಾಡಂಚಿಗೆ ಹೋಗಿ ಎರಡು ರಾತ್ರಿ ಇದ್ದು ಬರಲು ಆದೀತೆ? ಈಚೆಗೆ ಓದುಗರು ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಇದು. ಲಡಾಖಿನ ಕಣಿವೆಯನ್ನೋ ರಾಜಸ್ಥಾನದ ಮರಳನ್ನೋ ತೋರಿಸಿ ಇದಕ್ಕೆ ಉತ್ತರ ಹೇಳುವವರು ಬಹಳ ಮಂದಿ. ಆದರೆ ರಜೆ ಸಿಕ್ಕಾಗ ನಮ್ಮಲ್ಲಿ ಹೆಚ್ಚಿನವರು ಹೋಗುವುದು ಇನ್ನೂರು ಮುನ್ನೂರು ಕಿಲೊಮೀಟರ್ ಒಳಗಿನ ಜಾಗಗಳಿಗೆ. ಹಾಗಾಗಿ ನಾನು ಕಲಬುರಗಿ ಜಿಲ್ಲೆಯ ಪೂರ್ವಭಾಗವನ್ನೇ ತೆಗೆದುಕೊಳ್ಳುತ್ತೇನೆ: ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಕೊನೆಗೆ ಚಿಂಚೋಳಿ. ಪರಸಿ ಕಲ್ಲು, ಎರೆಮಣ್ಣು, ಉರಿಬಿಸಿಲು, ಹೊಳೆ, ಕಾಡು ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುವ ಸೀಮೆ ಇದು. ಗಾಡಿಯ ತಾಕತ್ತು ಇಲ್ಲಿ ಗೊತ್ತಾಗಿಬಿಡುತ್ತದೆ.

ಮೊದಲು ದೂರದ ಲೆಕ್ಕ. ಕಲಬುರಗಿಯಿಂದ ಹೊರಟು ಶಹಾಬಾದ್, ವಾಡಿ, ಚಿತ್ತಾಪುರ ದಾಟಿ, ಮಳಖೇಡದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ನೆಲವನ್ನೂ ಕೋಟೆಯನ್ನೂ ನೋಡಿ, ಸೇಡಂ ಮೇಲೆ ಚಿಂಚೋಳಿ ಸೇರಿ, ಚಂದ್ರಂಪಳ್ಳಿ ಜಲಾಶಯದ ಹತ್ತಿರ ತಂಗಿ ಮರಳಿ ಬಂದರೆ ಇಡೀ ಸುತ್ತು 300 ಕಿ.ಮೀ. ಒಳಗೇ ಮುಗಿಯುತ್ತದೆ. ಭೀಮಾ ತೀರದ ಸನ್ನತಿಗೆ ಹೋಗಿ ಚಂದ್ರಲಾಂಬೆಯ ಗುಡಿಯನ್ನೂ, ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕ ಬೌದ್ಧ ಸ್ತೂಪವನ್ನೂ ನೋಡುವುದಾದರೆ ಇನ್ನಷ್ಟು ಸೇರಿಸಿಕೊಳ್ಳಿ. ಹೈದರಾಬಾದಿನಿಂದ ತಾಂಡೂರು ಮಾರ್ಗವಾಗಿ ಚಿಂಚೋಳಿಗೆ ಬರುವವರಿಗೆ ಸುಮಾರು 150 ಕಿ.ಮೀ.

ಬ್ಯಾಟರಿಯನ್ನು ಯೂನಿಟ್ ಲೆಕ್ಕದಲ್ಲೇ ನೋಡೋಣ, ಮನೆಯ ಮೀಟರಿನಲ್ಲಿ ಓಡುವ ಯೂನಿಟ್ಟೇ ಇಲ್ಲೂ. 2020ರ ಜನವರಿಯಲ್ಲಿ ಬಂದ ಮೊದಲ ಟಾಟಾ ನೆಕ್ಸಾನ್ ಇ.ವಿ.ಯಲ್ಲಿ ಇದ್ದದ್ದು 30 ಯೂನಿಟ್. ಈಗ ಅದೇ ಗಾಡಿ 45 ಯೂನಿಟ್‌ನಲ್ಲಿ ಸಿಗುತ್ತದೆ. 2024ರ ನವೆಂಬರಿನಲ್ಲಿ ಬಂದ ಮಹೀಂದ್ರ ಬಿ.ಇ. 6ರಲ್ಲಿ 59 ಮತ್ತು 79 ಯೂನಿಟ್, 2025ರ ಹ್ಯಾರಿಯರ್ ಇ.ವಿ.ಯಲ್ಲಿ 65 ಮತ್ತು 75. ಸಾಮಾನು ತುಂಬಿ, ಎ.ಸಿ. ಹಾಕಿಕೊಂಡು, ಎಂಬತ್ತರ ವೇಗದಲ್ಲಿ ಹೋದರೆ ಚಿಕ್ಕ ಗಾಡಿಗೆ ಯೂನಿಟ್ಟಿಗೆ ಆರು ಕಿಲೊಮೀಟರ್ ಎಂದು ಹಿಡಿಯುವುದು ಕ್ಷೇಮ. ಜಾಹೀರಾತಿನ ಅಂಕಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. 45 ಯೂನಿಟ್ ಗಾಡಿಗೆ ಇದು 270 ಕಿ.ಮೀ. ಆಯಿತು. ಅಂದರೆ ಈ ಸುತ್ತಿಗೆ ನಡುವೆ ಒಂದು ರಾತ್ರಿಯ ಚಾರ್ಜ್ ಸಾಕು. ದೊಡ್ಡ ಬ್ಯಾಟರಿಯ ಗಾಡಿಗೆ ಅದೂ ಬೇಡವಾಗಬಹುದು. ದೂರದ ಭಯ ಇಲ್ಲಿಗೆ ಮುಗಿಯಿತು.

ನಿಜವಾದ ಪ್ರಶ್ನೆ ಆ ಒಂದು ರಾತ್ರಿಯ ಚಾರ್ಜಿನದು. ವಾಡಿ ಜಂಕ್ಷನ್ನಿನಿಂದ ನಿಜಾಮರ ರೈಲು 1874ರಲ್ಲಿ ಹೈದರಾಬಾದಿಗೆ ಓಡಿತು. ಆ ಕಾಲದ ಉಗಿಬಂಡಿಗೆ ದಾರಿಯುದ್ದಕ್ಕೂ ನೀರು, ಕಲ್ಲಿದ್ದಲು ಕೊಡುವ ನಿಲ್ದಾಣಗಳು ಬೇಕಿದ್ದವು. ಹಳಿ ಹಾಕಿದವರು ಅವನ್ನೂ ಕಟ್ಟಿದರು. ಕರೆಂಟ್ ಗಾಡಿಗೆ ಈ ಸೀಮೆಯಲ್ಲಿ ಅಂಥ ಏರ್ಪಾಡು ಸಾಲದು. ಹಾಗೆಂದು ನಮ್ಮ ರಾಜ್ಯ ಎಲೆಕ್ಟ್ರಿಕ್ ಗಾಡಿಗಳ ವಿಷಯದಲ್ಲಿ ಹಿಂದೆ ಉಳಿದದ್ದಲ್ಲ. ರೇವಾ ಕಾರು 2001ರಲ್ಲೇ ಬೆಂಗಳೂರಿನಲ್ಲಿ ತಯಾರಾಗಿ ರಸ್ತೆಗಿಳಿಯಿತು, 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ಮಾಡಿದ್ದು ಕರ್ನಾಟಕ. ಆದರೆ ವೇಗದ ಚಾರ್ಜರ್‌ಗಳು ದೊಡ್ಡ ಊರು, ದೊಡ್ಡ ಹೆದ್ದಾರಿಗಳ ಬೆನ್ನು ಹಿಡಿದು ಹೋಗಿವೆ. ಕಾಡಿನ ಕಡೆಗೆ ಹೊರಟವರು ಅವನ್ನು ನೆಚ್ಚಬಾರದು. ಆ್ಯಪ್‌ನಲ್ಲಿ ಕಾಣುವ ಚಾರ್ಜರ್ ಕೆಟ್ಟು ನಿಂತಿರುವುದುಂಟು, ಅದನ್ನು ಚಾಲೂ ಮಾಡುವ ಒ.ಟಿ.ಪಿ. ಬರಲು ಸಿಗ್ನಲ್ ಇಲ್ಲದಿರುವುದೂ ಉಂಟು. ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಬ್ಯಾಟರಿ ತುಂಬಿಸಿಕೊಂಡು ಹೊರಟು, ಮುಂದಿನದಕ್ಕೆ ಸಾಧಾರಣ 15 ಆಂಪಿಯರ್ ಪ್ಲಗ್ಗನ್ನೇ ನಂಬಬೇಕು. ಅದು ಗಂಟೆಗೆ ಮೂರು ಯೂನಿಟ್ ಕೊಡುತ್ತದೆ. ಸಂಜೆ ಏಳಕ್ಕೆ ಹಚ್ಚಿದರೆ ಬೆಳಿಗ್ಗೆ ಏಳಕ್ಕೆ 36 ಯೂನಿಟ್, ಇನ್ನೂರು ಕಿಲೊಮೀಟರಿಗೆ ಧಾರಾಳ.

ಪ್ಲಗ್ ಎಲ್ಲೆಡೆ ಇದೆ. ಇಲ್ಲದಿರುವುದು ಅರ್ಥಿಂಗ್. ಗಾಡಿಯ ಜೊತೆ ಕೊಡುವ ಚಾರ್ಜರ್, ಅರ್ಥಿಂಗ್ ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಈ ಸೀಮೆಯಲ್ಲಿ ಇದಕ್ಕೊಂದು ನೆಲದ ಕಾರಣವೇ ಇದೆ. ಶಹಾಬಾದ್, ವಾಡಿ, ಚಿತ್ತಾಪುರದ ಸುತ್ತ ಮೇಲೆ ಒಂದಿಷ್ಟು ಎರೆಮಣ್ಣು, ಅದರಡಿ ಪದರಪದರವಾಗಿ ಪರಸಿ. ದೇಶದ ನಾನಾ ಕಡೆ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದಿ ಕಲ್ಲು ಇದೇ, ಇಲ್ಲಿನ ಸಿಮೆಂಟ್ ಕಾರ್ಖಾನೆಗಳಿಗೆ ಅನ್ನ ಹಾಕುವ ಸುಣ್ಣಕಲ್ಲೂ ಇದರದೇ ಬಳಗ. ಅರ್ಥಿಂಗಿನ ರಾಡು ಅನೇಕ ಕಡೆ ಈ ಕಲ್ಲಿಗೆ ತಾಕಿ ನಿಂತುಬಿಡುತ್ತದೆ. ಮೇಲಿನ ಎರೆಮಣ್ಣೋ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ರಾಡಿನಿಂದ ದೂರ ಸರಿಯುತ್ತದೆ.

ಸೇಡಂನಿಂದ ಚಿಂಚೋಳಿಗೆ ಹೋಗುವ ದಾರಿಯ ಒಂದು ಖಾನಾವಳಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ಗಾಡಿಗೆ ಪ್ಲಗ್ ಹಚ್ಚಿದೆವು. ಕೆಂಪು ದೀಪ. ಯಜಮಾನರು ಹುಡುಗನನ್ನು ಕಳಿಸಿ ವೈರಿಂಗ್ ಮಾಡುವವರನ್ನು ಕರೆಸಿದರು. ನಡುವಯಸ್ಸಿನ ಅವರು ಬಂದವರೇ ಟೆಸ್ಟರ್ ಕೂಡ ತೆಗೆಯಲಿಲ್ಲ. ‘ಅರ್ಥಿಂಗ್ ಅದರಿ, ನೀರು ಕಂಡಿಲ್ಲ ಅಷ್ಟ’ ಎಂದು ಹಿತ್ತಲಿಗೆ ನಡೆದರು. ಅಲ್ಲಿ ಮಣ್ಣಲ್ಲಿ ಹುದುಗಿದ ಕಬ್ಬಿಣದ ಪೈಪಿನ ಬಾಯಿ ಕಸದಿಂದ ಮುಚ್ಚಿಹೋಗಿತ್ತು. ಕಸ ಬಳಿದು, ಪೈಪಿಗೆ ಬಿಗಿದಿದ್ದ ತಂತಿಯ ತುಕ್ಕನ್ನು ಚಾಕುವಿನಿಂದ ಕೆರೆದು, ನಟ್ಟು ಬಿಗಿದು, ಒಂದು ಹಿಡಿ ಉಪ್ಪು ಹಾಕಿ, ಕೊಡಗಟ್ಟಲೆ ನೀರು ಸುರಿದರು. ‘ಬ್ಯಾಸಿಗ್ಯಾಗ ವಾರಕ್ಕೊಮ್ಮೆ ಹಾಕ್ರಿ ಸಾವ್ಕಾರ’ ಎಂದು ಯಜಮಾನರಿಗೂ ಹೇಳಿದರು. ನಾವು ಊಟ ಮುಗಿಸಿ ಬರುವಷ್ಟರಲ್ಲಿ ಚಾರ್ಜರಿನ ದೀಪ ಹಸಿರಾಗಿತ್ತು. ಎಷ್ಟೋ ಲಕ್ಷದ ಗಾಡಿ ಮುಂದಕ್ಕೆ ಹೋದದ್ದು ಆ ಒಬ್ಬರ ಅನುಭವದಿಂದ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಅರ್ಥ್ ಇಲ್ಲದ ಕಡೆ ಪ್ಲಗ್ಗಿನೊಳಗೆ ನ್ಯೂಟ್ರಲ್‌ಗೇ ಅರ್ಥ್ ತಂತಿ ಸೇರಿಸಿ ದೀಪ ಹಸಿರು ಮಾಡಿಕೊಡುವವರಿದ್ದಾರೆ. ಒಪ್ಪಬೇಡಿ. ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದುಹೋದರೆ ಗಾಡಿಯ ಮೈಗೆಲ್ಲ ಕರೆಂಟ್ ಹರಿಯುತ್ತದೆ, ಮುಟ್ಟಿದವರ ಜೀವ ಹೋಗುತ್ತದೆ. ಎಕ್ಸ್‌ಟೆನ್ಶನ್ ಬೇಕಿದ್ದರೆ ದಪ್ಪ ತಾಮ್ರದ ವೈರಿನದನ್ನೇ ಒಯ್ಯಿರಿ. ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ, ಸುತ್ತಿದ್ದಂತೆಯೇ ಬಿಟ್ಟರೆ ಕಾಯ್ದು ಕರಗುತ್ತದೆ. ತಾಂಡಾದ ಅಥವಾ ಹಳ್ಳಿಯ ಬಡವರ ಮನೆಯಿಂದ ಕರೆಂಟ್ ಕೇಳಬೇಡಿ. ಅವರ ಮನೆಯ ವೈರು ಈ ಭಾರ ತಡೆಯುವುದಿಲ್ಲ. ಗೃಹಜ್ಯೋತಿಯ ಉಚಿತ ಯೂನಿಟ್‌ಗಳಿಗೆ ಆ ಮನೆಯ ಸರಾಸರಿ ಬಳಕೆಯ ಮೇಲೆ ಮಿತಿ ಇದೆ. ನಮ್ಮ ಒಂದು ರಾತ್ರಿಯ ಚಾರ್ಜ್ ಅವರಿಗೆ ಬಿಲ್ಲು ತಂದಿಡಬಹುದು. ಖಾನಾವಳಿ, ಲಾಡ್ಜ್, ಅಕ್ಕಿಗಿರಣಿಯಂಥ ಕಡೆ ಕೇಳಿ, ಮೀಟರ್ ನೋಡಿ, ಯೂನಿಟ್ ಲೆಕ್ಕದಲ್ಲಿ ಹಣ ಕೊಟ್ಟು ಬನ್ನಿ.

ಇನ್ನು ಈ ಗಾಡಿ ಡೀಸೆಲ್ ಗಾಡಿಯನ್ನು ಖಂಡಿತವಾಗಿ ಮೀರಿಸುವ ಜಾಗಕ್ಕೆ ಬರೋಣ. ಅದು ರಾತ್ರಿಯ ಬಿಡಾರ. ಚಿಂಚೋಳಿ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾಯಿತು, ವಿಸ್ತೀರ್ಣ ಸುಮಾರು 134 ಚದರ ಕಿ.ಮೀ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ ಎಂಬ ಹೆಸರು ಇದಕ್ಕಿದೆ. ತೋಳ, ಕತ್ತೆಕಿರುಬ, ನರಿಗಳ ನೆಲೆ. ಕುಂಚಾವರಂ ಕಡೆಯ ಕಾಡು, ಎತ್ತಿಪೋತದ ಜಲಪಾತ, ಗೊಟ್ಟಂಗೊಟ್ಟ, ಚಂದ್ರಂಪಳ್ಳಿಯ ನೀರು ಎಲ್ಲ ಇಲ್ಲಿಯವೇ. ಇಲ್ಲಿ ಮನಬಂದ ಕಡೆ ಡೇರೆ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅವರು ಹೇಳಿದ ಕಡೆಯೇ ಉಳಿಯಬೇಕು. ಈ ಕಾಡಿನ ದೊಡ್ಡ ಶತ್ರು ಬೆಂಕಿ. ಚಳಿಗಾಲ ಮುಗಿಯುತ್ತಿದ್ದಂತೆ ಎಲೆ ಉದುರಿ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು.

ಈಗಿನ ಅನೇಕ ಎಲೆಕ್ಟ್ರಿಕ್ ಎಸ್‌ಯುವಿಗಳಲ್ಲಿ ಬ್ಯಾಟರಿಯಿಂದ ಹೊರಗಿನ ಉಪಕರಣಕ್ಕೆ ಕರೆಂಟ್ ಕೊಡುವ ಸೌಲಭ್ಯ ಇದೆ, ಮೂರು ಕಿಲೊವ್ಯಾಟಿನಷ್ಟು. ಇಂಡಕ್ಷನ್ ಒಲೆ ಹಚ್ಚಿ ನಾಲ್ಕು ಜನರಿಗೆ ಅನ್ನ, ತೊಗರಿಬೇಳೆ ಸಾರು ಮಾಡಿದರೆ ಒಂದು ಯೂನಿಟ್ ಆಸುಪಾಸು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಆ ಬೇಳೆಯನ್ನು ಅದರ ಸೀಮೆಯಲ್ಲೇ ಬೇಯಿಸಿ ಉಣ್ಣುವ ಸುಖವೇ ಬೇರೆ. ಡೇರೆಯೊಳಗೆ ಸಣ್ಣ ಫ್ಯಾನು ರಾತ್ರಿಯಿಡೀ ತಿರುಗಿದರೂ ಅರ್ಧ ಯೂನಿಟ್. ಗಾಡಿಯೊಳಗೇ ಎ.ಸಿ. ಹಾಕಿ ಮಲಗಿದರೆ ಬೆಳಗಾಗುವುದರೊಳಗೆ ಐದಾರು ಯೂನಿಟ್ ಹೋಗಬಹುದು, ಅಂದರೆ ಮೂವತ್ತೈದು ಕಿಲೊಮೀಟರಿನ ದಾರಿ. ಇದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡರೆ ತೊಂದರೆಯಿಲ್ಲ. ಬೆಂಕಿ ಇಲ್ಲ, ಹೊಗೆ ಇಲ್ಲ, ಜನರೇಟರಿನ ಗದ್ದಲ ಇಲ್ಲ. ಮುಸ್ಸಂಜೆ ಕಾಡಂಚಿನ ರಸ್ತೆಯಲ್ಲಿ ನಿಧಾನವಾಗಿ ಬರುವಾಗ ಎಂಜಿನ್ನಿನ ಸದ್ದಿಗೆ ಪ್ರಾಣಿಗಳು ಬೆದರಿ ಓಡುವುದೂ ತಪ್ಪುತ್ತದೆ. ಕಾಡನ್ನು ಪ್ರೀತಿಸುವವರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಗಾಡಿ ಸೋಲುವ ಜಾಗಗಳನ್ನೂ ಮುಚ್ಚಿಡಬಾರದು. ಮೊದಲನೆಯದು ಟೈರು. ಹಲವು ಇ.ವಿ.ಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ಕಿಟ್ ಕೊಟ್ಟು ಕಳಿಸುತ್ತಾರೆ. ಶಹಾಬಾದ್, ವಾಡಿ ಸುತ್ತಿನ ಕಲ್ಲಿನ ಖಣಿಗಳ ದಾರಿಯಲ್ಲಿ ಬಿದ್ದಿರುವ ಪರಸಿ ಚಕ್ಕೆಯ ಅಂಚು ಟೈರಿನ ಪಕ್ಕೆಯನ್ನು ಸೀಳುತ್ತದೆ. ಸೀಳಿದ ಪಕ್ಕೆಗೆ ಯಾವ ಕಿಟ್ಟೂ ಆಗದು. ಬೇರೆ ಖರ್ಚು ಉಳಿಸಿಯಾದರೂ ಒಂದು ಸ್ಟೆಪ್ನಿ ಹೇರಿಕೊಳ್ಳಿ. ಎರಡನೆಯದು ನೆಲ. ಬ್ಯಾಟರಿ ಇರುವುದು ಗಾಡಿಯ ಹೊಟ್ಟೆಯಡಿ, ತೂಕವೂ ಹೆಚ್ಚು, ದೊಡ್ಡ ಗಾಡಿಗಳು ಎರಡು ಟನ್ ದಾಟುತ್ತವೆ. ಮಳೆ ಬಿದ್ದ ಎರೆಹೊಲದ ದಾರಿಯಲ್ಲಿ ಟ್ರ್ಯಾಕ್ಟರೇ ಹೂಳುವಾಗ ಇದರ ಪಾಡು ಹೇಳಬೇಕಿಲ್ಲ. ನಾಲ್ಕೂ ಚಕ್ರಕ್ಕೆ ಮೋಟಾರಿನ ಬಲ ಸಿಗುವ ಹ್ಯಾರಿಯರ್ ಆದರೂ ಚಕ್ರಕ್ಕೆ ಮೆತ್ತಿದ ಎರೆಮಣ್ಣಿನ ಮುಂದೆ ಅಸಹಾಯಕ. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯುವಂತಿಲ್ಲ, ಚಕ್ರ ತಿರುಗಿದರೆ ಮೋಟಾರು ತಿರುಗುತ್ತದೆ. ಹೇರಿಕೊಂಡು ಹೋಗುವ ಲಾರಿಯೇ ಬರಬೇಕು.

ಮೂರನೆಯದು ಕಾಗಿಣಾ ಹೊಳೆ. ಮಳಖೇಡದ ಸೇತುವೆ, ಚಿತ್ತಾಪುರ ತಾಲ್ಲೂಕಿನ ದಂಡೋತಿ ಸೇತುವೆ ಜೋರು ಮಳೆಗಾಲದಲ್ಲಿ ಮುಳುಗುತ್ತವೆ. ತಾಂಡೂರಿನ ಕಡೆ ಸುರಿದ ಮಳೆಗೆ ಇಲ್ಲಿ ಬಿಸಿಲಿದ್ದಾಗಲೂ ಹೊಳೆ ಏರುತ್ತದೆ. ಬ್ಯಾಟರಿಯೊಳಗೆ ನೀರು ಹೋಗದು ಎಂಬ ಕಂಪನಿಯ ಮಾತು ನಿಜವಿರಬಹುದು, ಆದರೆ ಸೆಳೆತಕ್ಕೆ ಸಿಕ್ಕ ಗಾಡಿಗೆ ಆ ಭರವಸೆ ಉಪಯೋಗಕ್ಕೆ ಬಾರದು. ನಾಲ್ಕನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42–43 ಡಿಗ್ರಿ ಸಾಮಾನ್ಯ. ಈಗಿನ ನಮ್ಮ ಗಾಡಿಗಳಲ್ಲಿ ಬಹುಪಾಲು ಇರುವ ಲೀಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿ ಶಾಖವನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಆದರೂ ಕಾದ ಬ್ಯಾಟರಿ ವೇಗದ ಚಾರ್ಜನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಮಧ್ಯಾಹ್ನ ಬೇವಿನ ನೆರಳಲ್ಲಿ ನಿಲ್ಲಿಸಿ, ರಾತ್ರಿ ಚಾರ್ಜ್ ಮಾಡಿ.

ಎಲ್ಲ ಕೂಡಿಸಿ ಕಳೆದು ನನ್ನ ತೀರ್ಮಾನ ಹೀಗಿದೆ. ನವೆಂಬರಿನಿಂದ ಫೆಬ್ರುವರಿವರೆಗೆ, ಡಾಂಬರು ಮತ್ತು ಗಟ್ಟಿ ಮೊರಂ ದಾರಿಗಳಲ್ಲಿ, ಎರಡು ಮೂರು ದಿನದ ಪ್ರವಾಸಕ್ಕೆ ಎಲೆಕ್ಟ್ರಿಕ್ ಎಸ್‌ಯುವಿ ಈ ಸೀಮೆಗೆ ಹೇಳಿ ಮಾಡಿಸಿದ ಗಾಡಿ. ಬೇಸಿಗೆಯಲ್ಲಿ ಲೆಕ್ಕಾಚಾರ ಬಿಗಿಯಾಗಿರಲಿ. ಮಳೆಗಾಲದಲ್ಲಿ ಒಳದಾರಿ ಹಿಡಿಯಲು ಇದು ಬೇಡ. ಬರೀ ಇಂಥ ಪ್ರವಾಸಕ್ಕಾಗಿ 75 ಯೂನಿಟ್ಟಿನ ಗಾಡಿಗೆ ಸಾಲ ಮಾಡಬೇಕಿಲ್ಲ. 45 ಯೂನಿಟ್ಟಿನ ಗಾಡಿ, ಒಂದು ಸ್ಟೆಪ್ನಿ, ಒಂದು ಒಳ್ಳೆಯ ವೈರು ಇದ್ದರೆ ಸಾಕು.

ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆ ಮತ್ತು ಇಲ್ಲಿನ ಗ್ರಾಮ ಪಂಚಾಯಿತಿಗಳಲ್ಲಿ ನನ್ನದೊಂದು ಬೇಡಿಕೆ. ಕೋಟಿ ಖರ್ಚಿನ ಚಾರ್ಜಿಂಗ್ ಕೇಂದ್ರ ಈಗಲೇ ಬೇಡ. ಚಂದ್ರಂಪಳ್ಳಿಯಲ್ಲಿ, ಸನ್ನತಿಯಲ್ಲಿ, ಮಳಖೇಡದಲ್ಲಿ ತಲಾ ಎರಡು 15 ಆಂಪಿಯರ್ ಪ್ಲಗ್, ಕಲ್ಲಿನೊಳಗೆ ಸಾಕಷ್ಟು ಆಳಕ್ಕೆ ಕೊರೆದು ಕೂರಿಸಿದ ಅರ್ಥಿಂಗ್, ಯೂನಿಟ್ ತೋರಿಸುವ ಒಂದು ಸಬ್ ಮೀಟರ್ ಹಾಕಿಸಿ. ಬಂದವರು ದುಡ್ಡು ಕೊಟ್ಟೇ ಬಳಸುತ್ತಾರೆ. ಒಂದು ರಾತ್ರಿ ನಿಂತ ಗಾಡಿಯವರು ಊರಲ್ಲೇ ಉಣ್ಣುತ್ತಾರೆ, ಊರವರಿಗೂ ನಾಲ್ಕು ಕಾಸು ಸಿಗುತ್ತದೆ.