ಗೊಲ್ಗೊಥಾ ಮತ್ತು ಹಿತ್ತಿಲ ಗಲ್ಲಿ

ಗೋವಿಂದ ಪೈಗಳ ‘ಗೊಲ್ಗೊಥಾ’ದ ಮಾತು ಬಂದ ಕೂಡಲೇ ನಾವು ಹೇಳೋದು ಒಂದೇ: ಮಂಜೇಶ್ವರದ ಒಬ್ಬ ಹಿಂದೂ ಕವಿ ಏಸುವಿನ ಕೊನೆಯ ದಿನದ ಮೇಲೆ ಖಂಡಕಾವ್ಯ ಬರೆದರಲ್ಲ, ಎಂಥ ಔದಾರ್ಯ! ಮಾತು ಸರಿ. ಆದರೆ ಅಲ್ಲಿಗೇ ನಿಂತರೆ ಕಾವ್ಯಕ್ಕೆ ಹಾರ ಹಾಕಿ ಕಪಾಟಿನಲ್ಲಿ ಇಟ್ಟ ಹಾಗೆ. ಶಿಲುಬೆ ಅನ್ನೋದು ಓದುಗನನ್ನು ಏನು ಕೇಳುತ್ತೆ, ಆ ಕೇಳಿಕೆ ಈ ಕನ್ನಡ ಕಾವ್ಯದಲ್ಲಿ ಎಷ್ಟು ಉಳಿದಿದೆ ಅಂತಲೂ ನೋಡಬೇಕು.

ಕ್ರೈಸ್ತ ಚಿಂತನೆಯಲ್ಲಿ ‘ಕೆನೋಸಿಸ್’ ಅಂತ ಒಂದು ಮಾತಿದೆ. ಗ್ರೀಕ್ ಪದ, ಬರಿದಾಗುವುದು ಅಂತ ಅರ್ಥ. ಅದರ ಮೂಲ ಪೌಲನು ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರದ ಎರಡನೇ ಅಧ್ಯಾಯ. ದೈವತ್ವದ ಹಿರಿಮೆಗೆ ಅಂಟಿಕೊಂಡು ಕೂರದೆ ಕ್ರಿಸ್ತನು ತನ್ನನ್ನೇ ಖಾಲಿ ಮಾಡಿಕೊಂಡು ಆಳಿನ ಸ್ಥಾನಕ್ಕೆ ಇಳಿದ, ಶಿಲುಬೆಯ ಸಾವಿನವರೆಗೂ ಇಳಿದ ಅನ್ನೋದು ತಾತ್ಪರ್ಯ. ಪಂಡಿತರು ಇದರ ಮೇಲೆ ರಾಶಿ ರಾಶಿ ಗ್ರಂಥ ಬರೆದಿದ್ದಾರೆ. ಆದರೆ ಪೌಲ ಇದನ್ನು ಹೇಳಿದ್ದು ಪಂಡಿತರಿಗಲ್ಲ. ಫಿಲಿಪ್ಪಿ ರೋಮನ್ನರ ವಸಾಹತು, ಪೌರತ್ವ ಪದವಿಗಳ ಪ್ರತಿಷ್ಠೆ ಜೋರಾಗಿದ್ದ ಊರು. ಅಲ್ಲಿನ ಸಭೆಗೆ ಪೈಪೋಟಿ ಬಿಡಿ, ಪಕ್ಕದವರನ್ನು ನಿಮಗಿಂತ ಹೆಚ್ಚು ಅಂದುಕೊಳ್ಳಿ ಅಂತ ಬುದ್ಧಿ ಹೇಳುವಾಗ ಬಂದ ಮಾತಿದು. ಅದೇ ಪತ್ರದ ಕೊನೆಯಲ್ಲಿ ಯುವೊದಿಯ, ಸಿಂತಿಕೆ ಅನ್ನೋ ಇಬ್ಬರು ಹೆಂಗಸರಿಗೆ ಒಂದಾಗಿ ಅಂತ ಕೇಳಿಕೊಳ್ಳುತ್ತಾನೆ. ಅಂದರೆ ಕೆನೋಸಿಸ್ ಹುಟ್ಟಿದ್ದೇ ಜನ ಜೊತೆಗೆ ಬಾಳೋದು ಹೇಗೆ ಅನ್ನೋ ಪ್ರಶ್ನೆಯಿಂದ.

ನಮ್ಮ ಶಂಕರಪುರಂನಲ್ಲಿ ಈ ಮಾತು ತೆಗೆದರೆ, ‘ಅಯ್ಯೋ, ಇದು ನಮ್ಮ ಅವತಾರವೇ ಅಲ್ಲವಾ’ ಅಂದುಬಿಡುತ್ತಾರೆ. ಪೂರ್ತಿ ಅಲ್ಲ. ಶೃಂಗೇರಿ ಶಂಕರಮಠ ಇರುವ ಬಡಾವಣೆ ಇದು. ‘ಮನೀಷಾ ಪಂಚಕ’ದ ಹಿಂದಿನ ಕಥೆಯನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಕಾಶಿಯ ದಾರಿಯಲ್ಲಿ ಎದುರಾದ ಚಂಡಾಲನಿಗೆ ಶಂಕರಾಚಾರ್ಯರು ಸರಿ ಅನ್ನುತ್ತಾರೆ. ಅವನು ಸರಿಯಬೇಕಾದ್ದು ದೇಹವೋ ಆತ್ಮವೋ ಅಂತ ತಿರುಗಿ ಕೇಳುತ್ತಾನೆ. ಆಚಾರ್ಯರು ಬಾಗುತ್ತಾರೆ. ದೊಡ್ಡ ಕಥೆ, ಅನುಮಾನವಿಲ್ಲ. ಆದರೆ ಸಂಪ್ರದಾಯ ಹೇಳುವ ಪ್ರಕಾರ ಅವನು ಚಂಡಾಲನೇ ಅಲ್ಲ, ವಿಶ್ವನಾಥ. ಕಥೆ ಮುಗಿಯೋ ಹೊತ್ತಿಗೆ ವೇಷ ಕಳಚುತ್ತೆ, ನಮಗೂ ಒಂದು ಬಗೆಯ ನಿರಾಳ: ಸದ್ಯ, ಕೈಮುಗಿದದ್ದು ಶಿವನಿಗೇ. ಪೌಲನ ಮಾತಿನಲ್ಲಿ ಆ ನಿರಾಳ ಇಲ್ಲ. ಆಳಿನ ರೂಪ ಅಲ್ಲಿ ವೇಷವಲ್ಲ. ಮುಂದೆ ದೇವರು ಅವನನ್ನು ಎತ್ತರಕ್ಕೇರಿಸುತ್ತಾನೆ, ನಿಜ. ಆದರೆ ಹಾಗೆ ಏರಿದವನ ಮೈಮೇಲೆ ಮೊಳೆಯ ಗಾಯ ಹಾಗೇ ಇತ್ತು ಅಂತ ಯೋಹಾನನ ಸುವಾರ್ತೆ ಹೇಳುತ್ತೆ.

ಈಗ ‘ಗೊಲ್ಗೊಥಾ’ಕ್ಕೆ ಬನ್ನಿ. ಪೈಗಳು ಬಿಡೋದನ್ನು ಕಲಿತ ಕವಿ. 1911ರಲ್ಲಿ ಆದಿಪ್ರಾಸವನ್ನು ಬಿಟ್ಟರು. ಹಾಗೆ ಬಿಟ್ಟ ಪದ್ಯದ ಹೆಸರು ‘ಹೊಲೆಯನು ಯಾರು?’ ಅನ್ನೋದು ಆಕಸ್ಮಿಕ ಅಂತ ನನಗೆ ಅನಿಸಲ್ಲ. ಅಂಥವರು ‘ಗೊಲ್ಗೊಥಾ’ದಲ್ಲಿ ಮಾತ್ರ ಏನನ್ನೂ ಬಿಡಲಿಲ್ಲ. ಹಳಗನ್ನಡದ ಬಿಗಿ, ಸಂಸ್ಕೃತದ ಭಾರ, ಮಹಾಕಾವ್ಯದ ನಡೆ. ಬರಿದಾದವನ ಕಥೆಯನ್ನು ತುಂಬಿ ತುಳುಕುವ ಭಾಷೆ ಹೇಳುತ್ತೆ. ಓದುವಾಗ ಗಂಟಲು ಕಟ್ಟುತ್ತೆ, ಸುಳ್ಳಲ್ಲ. ಆದರೆ ಆ ಕರುಣರಸದಲ್ಲಿ ಏಸು ನಮ್ಮಿಂದ ಎತ್ತರದ ಒಬ್ಬ ಮಹಾಪುರುಷನಾಗಿಯೇ ಉಳಿಯುತ್ತಾನೆ. ಕೊನೆಯ ದಿನವನ್ನೇ ಚೌಕಟ್ಟು ಮಾಡಿಕೊಂಡಿದ್ದರಿಂದ ಇನ್ನೊಂದು ಕಷ್ಟ: ಹಿಂದಿನ ರಾತ್ರಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ ಏಸು ಚೌಕಟ್ಟಿನ ಆಚೆಗೆ ಹೋಗುತ್ತಾನೆ. ಶಿಲುಬೆಯನ್ನು ದೂರದಿಂದ ನೋಡಿ ಅಳಬಹುದು. ಕಾಲು ತೊಳೆಯೋಕೆ ಬಗ್ಗಲೇಬೇಕು.

ಕನ್ನಡಕ್ಕೆ ಅದು ಆಗದ ಕೆಲಸವೇನೂ ಅಲ್ಲ. ಹನ್ನೆರಡನೇ ಶತಮಾನದಲ್ಲೇ ಮಂತ್ರಿ ಪದವಿಯ ಬಸವಣ್ಣ ತನ್ನನ್ನು ಮಾದಾರ ಚೆನ್ನಯ್ಯನ ಮನೆಯವನು ಅಂತ ಆಡುಮಾತಿನಲ್ಲೇ ಕರೆದುಕೊಂಡ. ಅಲ್ಲಿ ಭಾಷೆಯೂ ಇಳಿಯಿತು, ಹೇಳಿದವನೂ ಇಳಿದ, ಒಂದು ಸಮುದಾಯವೂ ಹುಟ್ಟಿತು.

ಇಲ್ಲೊಂದು ತಕರಾರನ್ನೂ ಹೇಳಿಬಿಡಬೇಕು. ಬರಿದಾಗಿ ಅಂತ ಯಾರಿಗೆ ಹೇಳ್ತೀವಿ? ಶತಮಾನಗಳಿಂದ ಕೈ ಖಾಲಿ ಇರುವವರಿಗೆ, ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ತಿನ್ನುವ ಹೆಂಗಸರಿಗೆ ಈ ಉಪದೇಶ ಮಾಡಿದರೆ ಅದು ಧರ್ಮವಲ್ಲ, ಮೋಸ. ಈ ಮಾತನ್ನು ನೇರವಾಗಿ ಎತ್ತಿದವರು ನಮ್ಮ ಊರಿನಲ್ಲೇ ಇದ್ದರು. 1981ರಲ್ಲಿ ದಂಡುಪ್ರದೇಶದ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರದ ಚರ್ಚೆ ಶುರುವಾಯಿತು. ದೇವರು ಸೇವಕ ಅನ್ನೋದನ್ನು ಅವರು ಅಲಂಕಾರವಾಗಿ ಬಿಡಲಿಲ್ಲ. ಈ ದೇಶದಲ್ಲಿ ಸೇವೆ ಯಾರ ತಲೆಗೆ ಕಟ್ಟಿದ್ದೀರಿ ನೋಡಿ, ಅಗಸನ ಕೆಲಸ, ಮಲ ಬಳಿಯುವವನ ಕೆಲಸ. ದೇವರು ಅಲ್ಲಿ ಇದ್ದಾನೆ ಅಂದರು. ನೋವು ಅವರಿಗೆ ರಸವಲ್ಲ. ದೇವರನ್ನು ಅರಿಯುವ ದಾರಿಯೇ ಅದು.

ನಮ್ಮ ಕಡೆಯ ಹಳೆ ಬಡಾವಣೆಗಳ ನಕ್ಷೆ ನೋಡಿದ್ದೀರಾ? ಬಸವನಗುಡಿ, ಮಲ್ಲೇಶ್ವರಂಗಳಲ್ಲಿ ಮನೆಸಾಲುಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಅಂತ ಇಟ್ಟಿದ್ದರು. ಮಲದ ಬಕೆಟ್ ಹೊರುವವರು ಮುಂಬಾಗಿಲಿಗೆ ಬರದೆ ಹಿಂದಿನಿಂದಲೇ ಹೋಗಲಿ ಅಂತ. ಗೊಲ್ಗೊಥಾ ಯೆರೂಸಲೇಮಿನ ಕೋಟೆಬಾಗಿಲ ಆಚೆ ಇತ್ತು. ಇಬ್ರಿಯರಿಗೆ ಬರೆದ ಪತ್ರ ಅದನ್ನೇ ಹಿಡಿದು, ಅವನು ನರಳಿದ್ದು ಬಾಗಿಲ ಹೊರಗೆ, ನಾವೂ ಅಲ್ಲಿಗೆ ಹೋಗೋಣ ಅನ್ನುತ್ತೆ. ಪೈಗಳ ಕಾವ್ಯ ನಮ್ಮನ್ನು ಆ ಬಾಗಿಲವರೆಗೆ ಕರೆದೊಯ್ಯುತ್ತೆ. 1930ರ ದಶಕದ ಕನ್ನಡದಲ್ಲಿ ಅದೂ ಸಣ್ಣ ಕೆಲಸವಲ್ಲ. ಆಚೆ ದಾಟೋದು ಓದುಗನ ಪಾಲಿಗೆ ಉಳಿದಿದೆ. ಮನೆಗೆಲಸದಾಕೆಯ ಲೋಟ ಇವತ್ತಿಗೂ ಬೇರೆ ಗೂಡಿನಲ್ಲಿ ಇರುವ ಮನೆಯಲ್ಲಿ ಕೂತು ‘ಗೊಲ್ಗೊಥಾ’ ಓದಿ ಕಣ್ಣೊರೆಸಿಕೊಂಡರೆ ಅದು ಕಾವ್ಯದ ಸೋಲಲ್ಲ, ಓದಿನ ಸೋಲು. ಮೊದಲು ಆ ಲೋಟ ಜಾಗ ಬದಲಿಸಲಿ.